‘ಹುಳ ಮುಟ್ಟಿದೆ’ ಎಂದರೆ ಏನೆಂದು ಬರೆದುಕೊಳ್ಳುತ್ತೀರಿ?

ಮಾನ್ಯ ಸಂಪಾದಕರೇ,

ಜನಗಣತಿಯ ಜನಸಂಖ್ಯೆ ಎಣಿಕೆ 2027ರ ಫೆಬ್ರವರಿಯಲ್ಲಿ ನಡೆಯಲಿದೆ. ಅದು ಬಿಟ್ಟರೂ ಆರೋಗ್ಯ ಸಮೀಕ್ಷೆ, ಬೆಳೆ ಸಮೀಕ್ಷೆ, ಪಡಿತರ ಚೀಟಿ ತಿದ್ದುಪಡಿ ಎಂದು ಯಾವುದಾದರೊಂದು ನಮೂನೆ ಹಿಡಿದವರು ಶಿವಮೊಗ್ಗ ಜಿಲ್ಲೆಯ ಏಳೂ ತಾಲ್ಲೂಕುಗಳ ಅಂಗಳಕ್ಕೆ ಬರುತ್ತಲೇ ಇರುತ್ತಾರೆ. ನಮೂನೆ ಕನ್ನಡದಲ್ಲೇ ಇರುತ್ತದೆ, ಕೇಳುವವರೂ ಹೇಳುವವರೂ ಕನ್ನಡದವರೇ. ಆದರೂ ಬರೆದುಕೊಂಡದ್ದು ಒಂದು, ಮನೆಯವರು ಹೇಳಿದ್ದು ಇನ್ನೊಂದು ಆಗುವುದುಂಟು. ಜನಕ್ಕೆ ತಿಳಿವಳಿಕೆ ಸಾಲದು ಎಂದು ಇದಕ್ಕೆ ಷರಾ ಬರೆಯುವುದು ಸುಲಭ. ನಮ್ಮ ತಕರಾರು ಅದರ ಮೇಲೇ. ಮಲೆನಾಡಿನವರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ನಮೂನೆಯಲ್ಲಿರುವ ಪ್ರಶ್ನೆಗೆ ಮಲೆನಾಡು ಬರುವುದಿಲ್ಲ. ಕನ್ನಡ ಪಾಠ ಹೇಳುವವರು, ಆಸ್ಪತ್ರೆ ಮತ್ತು ಕಂದಾಯದ ಕೆಲಸದಲ್ಲಿ ಜನರ ಮಾತನ್ನು ಕಾಗದಕ್ಕೆ ಇಳಿಸುವವರು ಸೇರಿ ಬರೆದ ಪತ್ರ ಇದು. ಉದ್ದವಾಗಿದೆ, ಕತ್ತರಿಸುವುದಾದರೆ ಕೊನೆಯಿಂದ ಕತ್ತರಿಸಿ. ಜೀವಕ್ಕೆ ಸಂಬಂಧಪಟ್ಟದ್ದನ್ನು ಮೊದಲೇ ಇಟ್ಟಿದ್ದೇವೆ.

ಕತ್ತಲಾದ ಮೇಲೆ ನಮ್ಮ ಹಳ್ಳಿಗಳಲ್ಲಿ ಹಿರಿಯರು ಹಾವಿನ ಹೆಸರೆತ್ತುವುದಿಲ್ಲ. ‘ಹುಳ’ ಎನ್ನುತ್ತಾರೆ. ‘ಕಚ್ಚಿತು’ ಎಂದೂ ಹೇಳುವುದಿಲ್ಲ, ‘ಮುಟ್ಟಿತು’ ಎನ್ನುತ್ತಾರೆ. ನಾಗರಕಲ್ಲಿಗೆ ಹಾಲೆರೆಯುವ ಊರಿನಲ್ಲಿ ಈ ಮಾತಿಗೆ ಭಯವೂ ಕಾರಣ, ಭಕ್ತಿಯೂ ಕಾರಣ. ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಗೆ ಬಂದವರು ‘ಕಾಲಿಗೆ ಹುಳ ಮುಟ್ಟಿದೆ’ ಎಂದರು ಅನ್ನಿ. ಪೇಟೆಯಲ್ಲೇ ಹುಟ್ಟಿ ಬೆಳೆದ ಸಿಬ್ಬಂದಿ ‘ಕೀಟ ಕಡಿತ’ ಎಂದು ಬರೆದುಕೊಂಡರೆ ಅವರ ಮನೆಯ ಕನ್ನಡದಲ್ಲಿ ಅದು ತಪ್ಪಲ್ಲ. ಅನಾಹುತ ಆಗುವುದು ಆಮೇಲೆ. ಕೊಳಕುಮಂಡಲ ಕಚ್ಚಿದ್ದರೆ ಊತ, ನೋವು ನೋಡಿಯಾದರೂ ಅನುಮಾನ ಬಂದೀತು. ಕಟ್ಟುಹಾವಿನ ಕಡಿತಕ್ಕೆ ಊತವೂ ಕಡಿಮೆ, ನೋವೂ ಕಡಿಮೆ, ಹಲ್ಲಿನ ಗುರುತೇ ಕಾಣದಿರಬಹುದು. ಕೆಲವು ತಾಸು ಕಳೆದ ಮೇಲೆ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರೇ ಸೋಲುತ್ತದೆ. ಕೀಟ ಕಡಿತಕ್ಕೆ ಮುಲಾಮು ಕೊಟ್ಟು ಕಳಿಸಿದ ಮೇಲೆ ಇಷ್ಟೆಲ್ಲ ಮನೆಯಲ್ಲಿ ಆದರೆ ಹಾವಿನ ವಿಷ ಇಳಿಸುವ ಮದ್ದು ಆಸ್ಪತ್ರೆಯಲ್ಲಿದ್ದೂ ಇಲ್ಲದ ಹಾಗೆ. ಪರಿಹಾರಕ್ಕೆ ಖರ್ಚಿಲ್ಲ. ದಾಖಲೆ ಬರೆಯುವವರು ‘ಹರಿಯುವ ಹುಳವೋ, ಹಾರುವ ಹುಳವೋ?’ ಎಂದು ಒಂದು ಮಾತು ಕೇಳಬೇಕು. ಹಾವು ಎಂದು ಬಾಯಿಬಿಟ್ಟು ಹೇಳದ ಅಜ್ಜಿಯೂ ಇದಕ್ಕೆ ಉತ್ತರ ಕೊಡುತ್ತಾಳೆ. ‘ಏನೋ ಮುಟ್ಟಿದ ಹಾಗಾಯಿತು, ಕತ್ತಲಲ್ಲಿ ಕಾಣಲಿಲ್ಲ’ ಎಂದರೆ ಹಾವೇ ಎಂದುಕೊಂಡು ಆಸ್ಪತ್ರೆಯಲ್ಲಿ ಉಳಿಸಿಕೊಂಡು ನೋಡುವುದು ಕ್ಷೇಮ.

ಅಮಂಗಳವನ್ನು ತಿರುಗಿಸಿ ಹೇಳುವುದು ಹಾವಿಗೆ ಮಾತ್ರ ಮೀಸಲಲ್ಲ. ಬಳೆ ಒಡೆಯುವುದಿಲ್ಲ, ‘ಹೆಚ್ಚುತ್ತದೆ’. ದೀಪ ಆರಿಸುವುದಿಲ್ಲ, ‘ದೊಡ್ಡದು ಮಾಡುತ್ತಾರೆ’. ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತಾರೆ. ಇವುಗಳಿಂದ ಯಾರಿಗೂ ತೊಂದರೆಯಿಲ್ಲ, ಬಿಡಿ.

ಮಂಗನ ಕಾಯಿಲೆಯ ವಿಷಯದಲ್ಲಿ ತೊಂದರೆಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರಕ್ಕೆ ಜನ ಇಟ್ಟ ಹೆಸರೇ ಅರ್ಧ ದಾರಿ ತಪ್ಪಿಸುತ್ತದೆ. ಮನುಷ್ಯರಿಗೆ ಇದು ತಗಲುವುದು ರಕ್ತ ಹೀರುವ ಉಣುಗು (ಉಣ್ಣೆ ಹುಳ) ಕಚ್ಚಿ. ಅದರಲ್ಲೂ ಎಳ್ಳುಕಾಳಿನಷ್ಟೂ ದಪ್ಪವಿಲ್ಲದ ಮರಿ ಉಣುಗು. ದನದ ಕಿವಿಯಲ್ಲಿ ರಕ್ತ ಕುಡಿದು ಊದಿ ಕೂತದ್ದನ್ನು ಮಾತ್ರ ಉಣುಗು ಎಂದುಕೊಂಡವರಿಗೆ ‘ಉಣುಗು ಕಚ್ಚಿತ್ತಾ?’ ಎಂದು ಕೇಳಿದರೆ ಇಲ್ಲ ಎಂದೇ ಹೇಳುತ್ತಾರೆ. ಇನ್ನು ‘ಮಂಗ ಸತ್ತಿದ್ದು ಕಂಡರೆ ತಿಳಿಸಿ’ ಎಂಬ ಫಲಕ. ಮಲೆನಾಡಿನಲ್ಲಿ ಮಂಗ ಬೇರೆ, ಮುಸಿಯ ಬೇರೆ. ಕಪ್ಪು ಮುಖದ, ಉದ್ದ ಬಾಲದ ಮುಸಿಯವನ್ನು ಇಲ್ಲಿ ಯಾರೂ ಮಂಗ ಎಂದು ಕರೆಯುವುದಿಲ್ಲ. ಕಾಯಿಲೆಗೆ ಎರಡೂ ಸಾಯುತ್ತವೆ. ಫಲಕದಲ್ಲಿ ‘ಮಂಗ ಅಥವಾ ಮುಸಿಯ’ ಎಂದು ಎರಡು ಪದ ಸೇರಿಸಿದರೆ ಬಣ್ಣಕ್ಕೆ ಹೆಚ್ಚಿನ ಖರ್ಚೇನೂ ಬೀಳದು.

ಇದಕ್ಕಿಂತ ದೊಡ್ಡ ತೊಡಕು ‘ಕಾಡಿಗೆ ಹೋಗಿದ್ದಿರಾ?’ ಎಂಬ ಪ್ರಶ್ನೆಯಲ್ಲಿದೆ. ನಮ್ಮಲ್ಲಿ ಮರ ಇದ್ದ ಜಾಗವೆಲ್ಲ ಕಾಡಲ್ಲ. ನೀರಿನ ಪಸೆ ಇದ್ದು ದಟ್ಟವಾಗಿ ಬೆಳೆದದ್ದು ಕಾನು. ಹುಲ್ಲು ಬೆಳೆದು ಅಲ್ಲೊಂದು ಇಲ್ಲೊಂದು ಮರ ಇದ್ದದ್ದು ಬ್ಯಾಣ. ಅಡಿಕೆ ತೋಟಕ್ಕೆ ಸೊಪ್ಪು, ದರಗು (ಉದುರಿ ಒಣಗಿದ ಎಲೆ) ತರಲು ಹಕ್ಕಿರುವುದು ಸೊಪ್ಪಿನ ಬೆಟ್ಟ. ಮನೆಯಿಂದ ಕೂಗಳತೆಯಲ್ಲಿರುವ ಬೆಟ್ಟಕ್ಕೆ ಹೋಗಿ ಒಂದು ಹೊರೆ ದರಗು ಗುಡಿಸಿ ತಂದವಳು ತಾನು ಕಾಡಿಗೆ ಹೋಗಿದ್ದೆ ಎಂದುಕೊಳ್ಳುವುದೇ ಇಲ್ಲ. ಆದರೆ ಒಣಗಿದ ಎಲೆಯ ರಾಶಿಯಲ್ಲೇ ಉಣುಗಿನ ಮರಿ ಇರುವುದು. ಡಿಸೆಂಬರಿನಿಂದ ಮೇವರೆಗಿನ ಕಾಯಿಲೆಯ ಕಾಲ ದರಗು ಬಳಿಯುವ ಕಾಲವೂ ಹೌದು. ಇನ್ನೊಂದು ಸೂಕ್ಷ್ಮವೂ ಇದೆ. ಸಮವಸ್ತ್ರದವರ ಅಥವಾ ಕಡತ ಹಿಡಿದವರ ಮುಂದೆ ‘ಕಾಡಿಗೆ ಹೋಗಿದ್ದೆ’ ಎಂದು ಹೇಳುವುದು ತಪ್ಪೊಪ್ಪಿಗೆಯ ಹಾಗೆ ಕೇಳುತ್ತದೆ. ಒಂದು ಸೌದೆ ಕಟ್ಟಿಗೂ ಜವಾಬು ಕೊಡಬೇಕಾದವರಿಗೆ ಕಾಡು ಎನ್ನುವುದು ಅರಣ್ಯ ಇಲಾಖೆಯ ಇನ್ನೊಂದು ಹೆಸರು. ಆದ್ದರಿಂದ ಕೆಲಸದ ಹೆಸರು ಹಿಡಿದು ಕೇಳಬೇಕು: ದರಗಿಗೆ ಹೋಗಿದ್ದಿರಾ, ಸೊಪ್ಪಿಗೆ, ಸೌದೆಗೆ? ಮನೆಗೆ ಬಾರದ ದನ ಹುಡುಕಿಕೊಂಡು? ಸೀಗೆಕಾಯಿ ಹೆಕ್ಕಲಿಕ್ಕೆ? ಜ್ವರ ಕಾಣಿಸುವುದು ಸಾಮಾನ್ಯವಾಗಿ ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ. ಹಾಗಾಗಿ ಜ್ವರ ಶುರುವಾಗುವುದಕ್ಕೆ ಮುಂಚಿನ ಎಂಟು ಹತ್ತು ದಿನದ ಓಡಾಟವನ್ನು ಹೀಗೆ ಬಿಡಿಸಿ ಕೇಳಿದರೆ ಸಾಕು.

ದಿನ ಎಣಿಸುವ ಲೆಕ್ಕವೂ ಇಲ್ಲೇ ಬರುತ್ತದೆ. ‘ಎಂಟು ದಿನ ಬಿಟ್ಟು ಬನ್ನಿ’ ಎಂದರೆ ಹಳಬರಿಗೆ ಸೋಮವಾರದಿಂದ ಸೋಮವಾರ. ಎರಡೂ ತುದಿಯನ್ನು ಸೇರಿಸಿ ಎಣಿಸುವ ಕ್ರಮ. ‘ಹದಿನೈದು ದಿನ’ ಎಂದರೆ ಎರಡು ವಾರ, ಅಂದರೆ ಹದಿನಾಲ್ಕು. ಶಾಲೆಯಲ್ಲಿ ಗಣಿತ ಕಲಿತವರಿಗೆ ಅದೇ ಮಾತು ಮಂಗಳವಾರವಾಗುತ್ತದೆ, ಬುಧವಾರವೂ ಆಗುತ್ತದೆ. ವಾರಕ್ಕೊಮ್ಮೆ ಬರುವ ವೈದ್ಯರನ್ನು ಕಾಣಲು ಮೂರು ಬಸ್ಸು ಬದಲಿಸಿ ಬಂದವರಿಗೆ ಈ ಒಂದು ದಿನದ ವ್ಯತ್ಯಾಸ ಸಣ್ಣದಲ್ಲ. ವಾರ, ತಾರೀಕು ಎರಡನ್ನೂ ಚೀಟಿಯ ಮೇಲೆ ಬರೆದು ಬಾಯಲ್ಲೂ ಹೇಳಬೇಕು. ‘ಮೊನ್ನೆಯಿಂದ ಜ್ವರ’ ಎಂಬುದನ್ನು ಎರಡು ದಿನ ಎಂದು ಬರೆದುಕೊಳ್ಳುವುದೂ ಅಪಾಯವೇ. ಮೊನ್ನೆ ಎಂದರೆ ನಿನ್ನೆಯ ಹಿಂದಿನ ದಿನ ಎನ್ನುವುದು ನಿಘಂಟು. ಮಾತಿನಲ್ಲಿ ಅದು ಹತ್ತು ದಿನ ಹಿಂದಕ್ಕೂ ಹೋಗುತ್ತದೆ, ‘ಮೊನ್ನೆ ಮೊನ್ನೆ’ ಎಂದರೆ ಹೋದ ವರ್ಷಕ್ಕೂ ಹೋದೀತು. ಸಂತೆಯ ಹಿಂದೋ ಮುಂದೋ, ಅಮಾವಾಸ್ಯೆ ಆಗಿತ್ತೋ ಇಲ್ಲವೋ ಎಂದು ಕೇಳಿದರೆ ದಿನ ಸಿಗುತ್ತದೆ. ಮಳೆಗಾಲವಾದರೆ ಇನ್ನೂ ಸುಲಭ. ಇಲ್ಲಿನ ರೈತರ ಪಂಚಾಂಗ ಮಳೆ ನಕ್ಷತ್ರದ್ದು, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ: ಆರಿದ್ರೆ ಜೂನ್ 22ರ ಹೊತ್ತಿಗೆ, ಪುನರ್ವಸು ಜುಲೈ 6ಕ್ಕೆ, ಪುಷ್ಯ ಜುಲೈ 20ಕ್ಕೆ, ಆಶ್ಲೇಷ ಆಗಸ್ಟ್ 3ಕ್ಕೆ ಹುಟ್ಟುತ್ತದೆ. ಈ ಪಟ್ಟಿಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡವರಿಗೆ ‘ಪುಷ್ಯ ಮಳೆ ಹುಟ್ಟಿದ ಮಾರನೆ ದಿನ ಕೊಟ್ಟಿಗೆ ಬಿತ್ತು’ ಎಂಬ ಹೇಳಿಕೆ ತಾರೀಕಿನಷ್ಟೇ ಖಚಿತ.

ಗರ್ಭಿಣಿಯ ತಿಂಗಳಿಗೂ ಹೀಗೆಯೇ. ‘ಏಳರಲ್ಲಿ ಬಿದ್ದಿದೆ’ ಎಂದರೆ ಆರು ತುಂಬಿ ಏಳು ನಡೆಯುತ್ತಿದೆ ಎಂದು. ತಾಯಿ ಕಾರ್ಡಿನಲ್ಲಿ ಏಳು ಎಂದು ಬರೆದರೆ ಒಂದು ತಿಂಗಳು ಏರುಪೇರು. ‘ತುಂಬಿತಾ, ನಡೀತಿದೆಯಾ?’ ಎಂದು ಕೇಳಿದರೆ ಮುಗಿಯಿತು. ವೃದ್ಧಾಪ್ಯ ವೇತನದ ಅರ್ಜಿಯಲ್ಲಿ ವಯಸ್ಸು ಬರೆಯುವಾಗಲೂ ಇದೇ ಪ್ರಶ್ನೆ ಕೆಲಸಕ್ಕೆ ಬರುತ್ತದೆ.

ಇನ್ನು ರಕ್ತಪರೀಕ್ಷೆಯ ‘ಉಪವಾಸ’. ಸಕ್ಕರೆ ಪರೀಕ್ಷೆಗೆ ಕಡಿಮೆ ಎಂದರೆ ಎಂಟು ತಾಸು ನೀರು ಬಿಟ್ಟು ಬೇರೇನೂ ಹೊಟ್ಟೆಗೆ ಹೋಗಿರಬಾರದು. ಏಕಾದಶಿ, ಶಿವರಾತ್ರಿ ಹಿಡಿಯುವ ಮನೆಯಲ್ಲಿ ಉಪವಾಸ ಎಂದರೆ ಅನ್ನ ಬಿಡುವುದು. ಅವಲಕ್ಕಿ, ಹಾಲು, ಬಾಳೆಹಣ್ಣು ನಡೆಯುತ್ತದೆ. ಹಾಗೆ ಬಂದವರ ವರದಿಯಲ್ಲಿ ಸಕ್ಕರೆ ಏರಿರುತ್ತದೆ, ಮಾತ್ರೆಯೂ ಏರುತ್ತದೆ. ‘ಊಟ ಮಾಡದೆ ಬನ್ನಿ’ ಎಂದು ಬದಲಿಸಿದರೂ ಸಾಲದು, ಏಕೆಂದರೆ ಊಟ ಎಂದರೆ ಅನ್ನ. ಬೆಳಿಗ್ಗೆ ನಾಲ್ಕು ಅಕ್ಕಿ ರೊಟ್ಟಿ ತಿಂದವರು ಊಟ ಮಾಡಿದವರಲ್ಲ, ತಿಂಡಿ ತಿಂದವರು. ‘ಖಾಲಿ ಹೊಟ್ಟೆ’ ಎಂದರೆ ಚಹಾ ಲೆಕ್ಕಕ್ಕಿಲ್ಲ. ಚಹಾವನ್ನು ಯಾರೂ ಹೊಟ್ಟೆಗೆ ಸೇರಿಸಿ ಎಣಿಸುವುದಿಲ್ಲ. ಎಲೆಅಡಿಕೆಯಂತೂ ಬಾಯಿಯ ವ್ಯವಹಾರ, ಹೊಟ್ಟೆಗೆ ಸಂಬಂಧವೇ ಇಲ್ಲ. ಪ್ರಯೋಗಾಲಯದ ಚೀಟಿಯಲ್ಲಿ ಹೀಗೆ ಇರಲಿ: ‘ರಾತ್ರಿ ಊಟ ಹತ್ತು ಗಂಟೆಯೊಳಗೆ ಮುಗಿಸಿ. ಬೆಳಿಗ್ಗೆ ರಕ್ತ ಕೊಡುವ ತನಕ ಬರೀ ನೀರು. ಚಹಾ, ಕಾಫಿ, ಕಷಾಯ, ಹಾಲು, ಹಣ್ಣು, ಎಲೆಅಡಿಕೆ ಯಾವುದೂ ಬೇಡ.’ ‘ಮೂರು ಹೊತ್ತು ಮಾತ್ರೆ’ಯಲ್ಲೂ ಹೊತ್ತು ಎಂದರೆ ಉಣ್ಣುವ ಹೊತ್ತು. ಜ್ವರದಲ್ಲಿ ಊಟ ಸೇರದವರು ಊಟದ ಜೊತೆ ಮಾತ್ರೆಯನ್ನೂ ಬಿಡುತ್ತಾರೆ. ಊಟ ಸೇರದಿದ್ದರೂ ಗಂಜಿ ಕುಡಿದು ನುಂಗಬೇಕೋ ಬೇಡವೋ ಎಂಬುದನ್ನು ಔಷಧ ಕೊಡುವವರು ಬಾಯಿಬಿಟ್ಟು ಹೇಳಬೇಕು.

‘ಗ್ಯಾಸ್ ಹಿಡಿದುಕೊಂಡಿದೆ’ ಎಂಬುದರ ಬಗ್ಗೆ ಒಂದೇ ಮಾತು. ಎದೆ ಬಿಗಿತ, ಎಡಗೈ ಸೆಳೆತ, ಬೆವರು ಇವೆಲ್ಲವೂ ಮಲೆನಾಡಿನಲ್ಲಿ ಗ್ಯಾಸ್ ಎಂಬ ಒಂದು ಮಾತಿನಲ್ಲಿ ಅಡಗುತ್ತವೆ. ಆ ಮಾತು ಕೇಳಿದ ಕೂಡಲೆ ಸೋಡಾ ತರಿಸುವ ಬದಲು ಕೈ ಎಲ್ಲಿಟ್ಟು ತೋರಿಸುತ್ತಾರೆ ಎಂದು ನೋಡಬೇಕು.

ಈಗ ಅಳತೆಯಿಂದ ಮರ್ಯಾದೆಗೆ ಬರೋಣ. ನಮ್ಮ ಜಿಲ್ಲೆಯಲ್ಲಿ ಎರಡೂ ಒಂದೇ ಅಂಗಳದಲ್ಲಿ ಜಗಳವಾಡಿವೆ. ಭತ್ತದ ಅಳತೆಯಲ್ಲಿ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎನ್ನುವುದು ಎಲ್ಲ ಕಡೆ ಒಂದೇ. ಆದರೆ ಕೊಳಗ ಎಷ್ಟು ದೊಡ್ಡದು ಎಂಬುದು ಯಾರ ಅಂಗಳದಲ್ಲಿ ಅಳೆಯುತ್ತಾರೆ ಎಂಬುದರ ಮೇಲೆ ಹೋಗುತ್ತಿತ್ತು. ಜಮೀನಿನ ಒಡೆಯರಿಗೆ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹದ ದೊಡ್ಡ ತಕರಾರು. ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ದೀವರ ಸಮುದಾಯದ ಗೇಣಿದಾರರು ಎದ್ದು ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದು ಬರೀ ಭತ್ತದ ಜಗಳವಾಗಿರಲಿಲ್ಲ, ಒಡೆಯರ ಮುಂದೆ ಗೇಣಿದಾರ ಹೇಗೆ ನಿಲ್ಲಬೇಕು, ಏನು ಉಡಬೇಕು ಎಂಬುದೂ ಅದರೊಳಗಿತ್ತು. ಮುಂದೆ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಅದೇ ‘ಒಡೆಯ’ ಪದವನ್ನು ಎತ್ತಿ ಈಚೆ ಬದಿಗೆ ಇಟ್ಟಿತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ಕಾನೂನಿನಲ್ಲಿ ಇಲ್ಲವಾಯಿತು. ಪಹಣಿಯ ಕಾಲಂ ಬದಲಾಯಿತು. ‘ನೀನು’ ಮತ್ತು ‘ನೀವು’ ಮಾತ್ರ ಯಾವ ನ್ಯಾಯಮಂಡಳಿಯ ಮುಂದೂ ಬರಲಿಲ್ಲ.

ಕಚೇರಿ ಕಿಟಕಿಯಲ್ಲಿ ಇಂದಿಗೂ ಇದನ್ನು ಕೇಳಬಹುದು. ಪ್ಯಾಂಟು ಹಾಕಿದವರಿಗೆ ‘ಹೇಳಿ ಸರ್’, ಮಂಡಿ ಮೇಲಕ್ಕೆ ಲುಂಗಿ ಕಟ್ಟಿದವರಿಗೆ ‘ಏನು, ಹೇಳು’. ವಯಸ್ಸು ಎಪ್ಪತ್ತಾಗಿದ್ದರೂ ಸರಿ. ಏಕವಚನ ಯಾವಾಗಲೂ ಅವಮಾನ ಎಂದು ನಾವು ಹೇಳುತ್ತಿಲ್ಲ. ತಾಯಿಗೆ ನೀನು, ದೇವರಿಗೆ ನೀನು, ಒಟ್ಟಿಗೆ ದನ ಕಾಯ್ದ ಗೆಳೆಯನಿಗೆ ಎಂಬತ್ತರಲ್ಲೂ ನೀನು. ಆ ‘ನೀನು’ ಎರಡೂ ಕಡೆಯಿಂದ ಹೋಗಿ ಬರುತ್ತದೆ. ಒಂದೇ ಕಡೆಯಿಂದ ಹೋಗುವ ‘ನೀನು’ ಬೇರೆ ಜಾತಿಯದು. ‘ಜಾತಿ’ ಎಂಬ ಪದವನ್ನು ತಿಳಿದೇ ಬಳಸಿದ್ದೇವೆ. ಕಿಟಕಿಯ ಆಚೆ ಇರುವವರು ‘ನೀವು’ ಎನ್ನುತ್ತ ನಿಂತಿದ್ದರೆ ಈಚೆಯಿಂದಲೂ ‘ನೀವು’ ಹೋಗಬೇಕು.

ಯಾರಿಗೆ ಏನನ್ನಬೇಕೆಂದು ಗೊಂದಲವಾದಾಗ ಮಲೆನಾಡೇ ಒಂದು ಉಪಾಯ ಮಾಡಿಕೊಂಡಿದೆ. ‘ಎಲ್ಲಿಂದ ಬಂದದ್ದು?’ ‘ಯಾವಾಗ ಹೊರಟದ್ದು?’ ‘ಊಟ ಆಯ್ತಾ?’ ‘ಏನಾಗಬೇಕಿತ್ತು?’ ಇವುಗಳಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಬಂದ್ಯಾ, ಬಂದ್ರಾ ಎಂಬ ಆಯ್ಕೆಯೇ ಏಳದ ಹಾಗೆ ಕ್ರಿಯಾಪದವನ್ನು ‘ಬಂದದ್ದು’ ಎಂದು ನಾಮಪದ ಮಾಡಿ ನಿಲ್ಲಿಸುತ್ತಾರೆ. ಹೊಸ ನೆಂಟರು, ವಯಸ್ಸಿನಲ್ಲಿ ಕಿರಿಯ ಆದರೆ ವರಸೆಯಲ್ಲಿ ಹಿರಿಯ, ಹಳೆಯ ಒಕ್ಕಲಿನ ಮಗ ಈಗ ಎಂಜಿನಿಯರು, ಇಂಥ ಕಡೆಯಲ್ಲೆಲ್ಲ ಈ ವಾಕ್ಯ ಕೈಹಿಡಿಯುತ್ತದೆ. ಕಿಟಕಿಯಲ್ಲಿ ಕೂರುವವರಿಗೆ ತರಬೇತಿ ಕೊಡುವವರು ಹತ್ತು ನಿಮಿಷ ಇದಕ್ಕಿಡಲಿ. ಈಗ ಕಲಿಸುವ ‘ನಾನು ನಿಮಗೆ ಹೇಗೆ ಸಹಾಯ ಮಾಡಬಹುದು’ ಎಂಬುದನ್ನು ಕೇಳಿದ ಅಜ್ಜ ಹಿಂದೆ ತಿರುಗಿ ಇನ್ಯಾರಿಗೋ ಹೇಳಿದರೇನೋ ಎಂದು ನೋಡುತ್ತಾನೆ. ‘ದಯವಿಟ್ಟು’, ‘ಧನ್ಯವಾದ’ ಎರಡೂ ಒಳ್ಳೆಯ ಪದಗಳೇ, ಆದರೆ ಪತ್ರದ ಪದಗಳು. ಮಾತಿನಲ್ಲಿ ಆ ಕೆಲಸವನ್ನು ‘ಒಂಚೂರು’ ಮಾಡುತ್ತದೆ, ‘ಮಾರಾಯ್ರೆ’ ಮಾಡುತ್ತದೆ. ‘ಒಂಚೂರು ಇಲ್ಲಿ ಸಹಿ ಹಾಕಿ’ ಎಂದರೆ ಚೂರೇ ಸಹಿ ಎಂದು ಯಾರೂ ತಿಳಿಯುವುದಿಲ್ಲ.

ಮರ್ಯಾದೆಯ ಗುರುತು ಮನೆಯಿಂದ ಮನೆಗೆ ಬದಲಾಗುವುದನ್ನೂ ಗೊತ್ತಿಟ್ಟುಕೊಳ್ಳಬೇಕು. ಹವ್ಯಕ ಕನ್ನಡದಲ್ಲಿ ಹೆಣ್ಣಿಗೆ ನಪುಂಸಕ ರೂಪವೇ ರೂಢಿ: ‘ಅಕ್ಕ ಬಂತು’, ‘ಅದು ಹೇಳ್ತು’. ಕೇಳಿದ ಹೊರಗಿನವರಿಗೆ ಹೆಂಗಸರನ್ನು ವಸ್ತುವಿನ ಹಾಗೆ ಕಂಡರು ಎನ್ನಿಸುತ್ತದೆ. ಆಡುವವರಿಗೆ ಅದರಲ್ಲಿ ಅಗೌರವದ ಸೋಂಕೂ ಇಲ್ಲ. ‘ಅದಕ್ಕೆ ನಿನ್ನೆಯಿಂದ ಜ್ವರ’ ಎಂಬ ಫೋನು ಮನುಷ್ಯರ ಆಸ್ಪತ್ರೆಗೆ ಬಂದಿದೆಯೋ ಪಶುವೈದ್ಯರಿಗೆ ಬಂದಿದೆಯೋ ಎಂಬುದರ ಮೇಲೆ ಅರ್ಥ ನಿಲ್ಲುತ್ತದೆ, ಅಷ್ಟೇ. ಅದೇ ಮನೆಯಲ್ಲಿ ‘ಕೂಸು’ ಎಂದರೆ ಹುಡುಗಿ, ಕಾಲೇಜಿಗೆ ಹೋಗುವವಳೂ ಕೂಸೇ, ಹುಡುಗ ‘ಮಾಣಿ’. ಉಳಿದವರಿಗೆ ಕೂಸು ತೊಟ್ಟಿಲಿನದು; ಗ್ರಾಮ ಪಂಚಾಯಿತಿಗಳು ನಡೆಸುವ ‘ಕೂಸಿನ ಮನೆ’ಯ ಕೂಸೂ ಅದೇ. ‘ಮನೆಯಲ್ಲಿ ಎರಡು ಕೂಸು’ ಎಂದದ್ದನ್ನು ಪೋಲಿಯೊ ಹನಿಯ ಪಟ್ಟಿಗೆ ಸೇರಿಸುವ ಮೊದಲು ವಯಸ್ಸು ಕೇಳಿ.

ಇನ್ನು ಗಣತಿಯವರಿಗೆ. ಹಿರಿಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ‘ನಮ್ಮನೇರು’, ‘ಇವರು’, ‘ಮಾಣಿಯ ಅಪ್ಪಯ್ಯ’ ಎನ್ನುತ್ತಾರೆ. ಮೂರು ಸಲ ಒತ್ತಾಯಿಸಿ ಕೇಳುವುದರಲ್ಲಿ ಅರ್ಥವಿಲ್ಲ, ಕಾರ್ಡು ತರಿಸಿ ಓದಿ ಅಥವಾ ಮೊಮ್ಮಗನನ್ನು ಕರೆದು ಕೇಳಿ. ‘ನಮ್ಮನೇರು’ ಎಂಬುದನ್ನು ಗಂಡಸು ಹೇಳಿದರೆ ಹೆಂಡತಿ ಎಂದಾಗುತ್ತದೆ. ಹೇಳಿದವರು ಯಾರೆಂದು ಬರೆದುಕೊಳ್ಳದಿದ್ದರೆ ಸಂಜೆ ಕೂತು ನಮೂನೆ ತುಂಬುವಾಗ ಗಂಡ ಹೆಂಡತಿ ಅದಲುಬದಲು.

‘ಮನೆ’ಗೂ ಎರಡು ಅರ್ಥ. ಗಣತಿಯ ಲೆಕ್ಕದಲ್ಲಿ ಕುಟುಂಬ ಎಂದರೆ ಒಟ್ಟಿಗಿದ್ದು ಒಂದೇ ಅಡುಗೆಯಲ್ಲಿ ಉಣ್ಣುವವರು. ಇದಕ್ಕೆ ಇಲ್ಲಿ ಸಿದ್ಧವಾಗಿರುವ ಮಾತೇ ಇದೆ: ‘ಒಲೆ ಒಂದೋ, ಬೇರೆಯೋ?’ ಒಂದೇ ಹೆಂಚಿನ ಮಾಡಿನ ಕೆಳಗೆ ಅಣ್ಣತಮ್ಮಂದಿರ ಎರಡು ಒಲೆ ಇರುವುದು ಇಲ್ಲಿ ಮಾಮೂಲು. ಅಣ್ಣತಮ್ಮ ಎಂದ ಮಾತ್ರಕ್ಕೆ ಒಡಹುಟ್ಟಿದವರು ಎಂದು ಬರೆದುಕೊಳ್ಳಬಾರದು. ದೊಡ್ಡಪ್ಪನ ಮಗನೂ ಅಣ್ಣ, ಪಾಲಾಗಿ ಮೂರು ತಲೆಮಾರು ಕಳೆದ ದಾಯಾದಿಯೂ ಅಣ್ಣ. ವಂಶವೃಕ್ಷ ಬರೆಯುವಾಗ ಇದರಿಂದಲೇ ಕೊಂಬೆ ತಪ್ಪಿ ಬೇರೆ ಕಡೆ ಚಿಗುರುತ್ತದೆ. ‘ನಿಮ್ಮ ಅಪ್ಪಯ್ಯ, ಅವರ ಅಪ್ಪಯ್ಯ ಒಬ್ಬರೇನಾ?’ ಎಂದು ಮೆಟ್ಟಿಲು ಹತ್ತಿದ ಹಾಗೆ ಕೇಳಬೇಕು.

ಎಲ್ಲಕ್ಕಿಂತ ಜೋಪಾನವಾಗಿ ಕೇಳಬೇಕಾದದ್ದು ‘ಮಕ್ಕಳೆಷ್ಟು?’ ಎಂಬುದನ್ನು. ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳನ್ನು ಬಿಟ್ಟು ಎಣಿಸುವ ಹಿರಿಯರು ಇನ್ನೂ ಇದ್ದಾರೆ. ಅವರಿಗೆ ಮಕ್ಕಳು ಎಂದರೆ ಒಲೆಯ ಸುತ್ತ ಇರುವವರು, ಕೊಟ್ಟವಳು ಈಗ ಆ ಮನೆಯವಳು. ವಂಶವೃಕ್ಷದಲ್ಲಿ ಹೀಗೆ ಬಿಟ್ಟುಹೋದ ಮಗಳು ಪಾಲಿನ ದಾವೆಯಲ್ಲಿ ವಾದಿಯಾಗಿ ಕಾಣಿಸಿಕೊಳ್ಳುತ್ತಾಳೆ, ಕಾಣಿಸಿಕೊಳ್ಳಬೇಕಾದದ್ದೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಅವಳಿಗೆ ಮಗನಷ್ಟೇ ಹಕ್ಕು. ತೊಂದರೆ ಪಡುವವರು ಆ ಕಾಗದ ನಂಬಿ ಜಮೀನು ಕೊಂಡವರು. ಗಂಡೆಷ್ಟು, ಹೆಣ್ಣೆಷ್ಟು, ಕೊಟ್ಟವರೆಷ್ಟು ಎಂದು ಬೇರೆ ಬೇರೆ ಕೇಳಿ. ಇನ್ನು ಹೆತ್ತ ಮಕ್ಕಳ ಲೆಕ್ಕ. ‘ಸತ್ತ ಮಕ್ಕಳೆಷ್ಟು?’ ಎಂದು ಯಾವ ತಾಯಿಯನ್ನೂ ಕೇಳಬೇಡಿ. ಕೇಳಿದರೂ ಉತ್ತರ ಬಾರದು. ‘ದಕ್ಕದೇ ಹೋದದ್ದು ಏನಾದರೂ ಇತ್ತಾ?’ ಎಂಬ ಮಾತು ಈ ನೆಲದಲ್ಲೇ ಇದೆ. ಕೇಳುವವರು ಹೆಂಗಸಾಗಿದ್ದು, ಪ್ರಶ್ನೆ ಜಗಲಿಯಲ್ಲಿ ಎಲ್ಲರೆದುರು ಬಾರದೆ ಒಳಗೆ ಬಂದರೆ ಇನ್ನೂ ಒಳ್ಳೆಯದು.

‘ಏನು ಕೆಲಸ?’ ಎಂದರೆ ಮಲೆನಾಡಿನ ಮುಕ್ಕಾಲುಪಾಲು ಹೆಂಗಸರ ಉತ್ತರ ‘ಎಂತದೂ ಇಲ್ಲ, ಮನೇಲೇ’. ಹೇಳಿದವಳ ಕೈಯ ಅಡಿಕೆ ಕರೆ ಇನ್ನೂ ಹೋಗಿರುವುದಿಲ್ಲ. ಸುಗ್ಗಿಯಲ್ಲಿ ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವಳು, ಆರಿದ್ರೆ ಮಳೆಯಲ್ಲಿ ಸಸಿ ನೆಟ್ಟವಳು, ದಿನಾ ಬೆಳಗಿನ ಆರಕ್ಕೆ ಡೈರಿಗೆ ಹಾಲು ಹಾಕುವವಳು ಅವಳೇ. ಕೆಲಸ ಎಂದರೆ ಸಂಬಳದ್ದು ಅಥವಾ ಕೂಲಿಯದು ಎಂಬುದು ಅವಳ ನಿಘಂಟು. ಗಣತಿಯ ನಿಘಂಟಿನಲ್ಲಿ ಸ್ವಂತ ಜಮೀನಿನಲ್ಲಿ ಸಂಬಳವಿಲ್ಲದೆ ದುಡಿದದ್ದೂ ಕೆಲಸವೇ. ವರ್ಷದಲ್ಲಿ ಆರು ತಿಂಗಳೋ ಅದಕ್ಕಿಂತ ಹೆಚ್ಚೋ ದುಡಿದವರು ಮುಖ್ಯ ದುಡಿಮೆಗಾರರು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿಯವರು. ಈ ಎರಡು ನಿಘಂಟಿನ ನಡುವೆ ಒಂದು ತಾಲ್ಲೂಕಿನ ಅರ್ಧ ದುಡಿಮೆ ಮಾಯವಾಗಬಹುದು. ಸುಲೀತೀರಾ, ನೆಡ್ತೀರಾ, ಹಾಲು ಕರೀತೀರಾ, ಎಷ್ಟು ತಿಂಗಳು ಎಂದು ಬಿಡಿಸಿ ಕೇಳುವುದಕ್ಕೆ ಮನೆಯೊಂದಕ್ಕೆ ಎರಡು ನಿಮಿಷ ಹೆಚ್ಚು ಹಿಡಿದೀತು.

ವಯಸ್ಸು ಗೊತ್ತಿಲ್ಲದವರಿಗೆ ಊರಿನ ದೊಡ್ಡ ಘಟನೆ ಹಿಡಿದು ಕೇಳುವುದು ಗಣತಿಯಲ್ಲಿ ಹಳೆಯ ಕ್ರಮ. ನಮ್ಮ ಕಡೆಗೆ ಹೊಂದುವವು ಇವು: ಜೋಗದಲ್ಲಿ ಕರೆಂಟು ಶುರುವಾದದ್ದು 1948, ಕಾಗೋಡು ಗಲಾಟೆ 1951, ಲಿಂಗನಮಕ್ಕಿ ಕಟ್ಟಿ ಮುಗಿದದ್ದು 1964, ಗೇಣಿ ಹೋದದ್ದು 1974, ಬಂಗಾರಪ್ಪ ಮುಖ್ಯಮಂತ್ರಿಯಾದದ್ದು 1990. ‘ಡ್ಯಾಮಿನ ನೀರು ಬಂದಾಗ ನಿಮಗೆ ಬುದ್ಧಿ ಬಂದಿತ್ತಾ?’ ಎಂದರೆ ಶರಾವತಿ ಹಿನ್ನೀರಿನಿಂದ ಎದ್ದುಬಂದ ಕುಟುಂಬದ ಯಾವ ಹಿರಿಯರೂ ಸರಿಯಾಗಿ ಹೇಳುತ್ತಾರೆ. ಆದರೆ ಆ ಪ್ರಶ್ನೆ ಕೇಳಿದ ಮೇಲೆ ಅರ್ಧ ಗಂಟೆ ಕೂರಲು ಸಿದ್ಧರಿರಬೇಕು.

ಮಾತೃಭಾಷೆಯ ಕಾಲಂ ಕೂಡ ಹೀಗೆಯೇ ಜಾರುತ್ತದೆ. ಗಣತಿ ಕೇಳುವುದು ಬಾಲ್ಯದಲ್ಲಿ ತಾಯಿ ಆಡಿದ ಮಾತನ್ನು. ಅದಕ್ಕೆ ಲಿಪಿ ಇರಬೇಕೆಂದಿಲ್ಲ. ಶಾಲೆ ಕಲಿತವರ ಕಿವಿಗೆ ಮಾತೃಭಾಷೆ ಎಂದರೆ ಶಾಲೆಯ ಭಾಷೆ ಅಥವಾ ರಾಜ್ಯದ ಭಾಷೆ ಎಂದು ಕೇಳುತ್ತದೆ. ಹೊಸನಗರದ ಕೊಂಕಣಿ ಮನೆ, ಶಿಕಾರಿಪುರದ ಲಂಬಾಣಿ ತಾಂಡಾ, ಭದ್ರಾವತಿಯ ಕಾರ್ಖಾನೆಗೆ ಬಂದು ನೆಲೆಸಿದ ತಮಿಳು ಕುಟುಂಬ, ಮತ್ತೂರಿನ ಸಂಕೇತಿಗಳು, ತೀರ್ಥಹಳ್ಳಿಯ ತುಳುವರು, ಇವರಲ್ಲಿ ಅನೇಕರು ಅಭಿಮಾನದಿಂದಲೋ ಸಂಕೋಚದಿಂದಲೋ ಕನ್ನಡ ಎಂದುಬಿಡುತ್ತಾರೆ. ಕೇಳುವವರಿಗೂ ಅದೇ ಹಿತವಾಗಿರುತ್ತದೆ. ನಾವು ಕನ್ನಡದವರಾಗಿಯೇ ಹೇಳುತ್ತೇವೆ, ಆ ಹಿತಕ್ಕೆ ಮರುಳಾಗಬಾರದು. ‘ಅಮ್ಮನ ಹತ್ತಿರ ಏನು ಮಾತಾಡ್ತಿದ್ರಿ?’ ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಬಂದದ್ದನ್ನು ಬಂದ ಹೆಸರಿನಲ್ಲೇ ಬರೆಯಿರಿ.

ತುಂಬಿದ ನಮೂನೆಯನ್ನು ಮನೆಯವರಿಗೆ ಓದಿ ಹೇಳುವಾಗ ಒಂದು ಎಚ್ಚರಿಕೆ. ಮಲೆನಾಡಿನವರು ಪ್ರತಿ ವಾಕ್ಯಕ್ಕೂ ‘ಹ್ಞೂ’ ಎನ್ನುತ್ತಾರೆ. ಅದು ಒಪ್ಪಿಗೆಯಲ್ಲ, ‘ಕೇಳ್ತಾ ಇದ್ದೇನೆ, ಮುಂದೆ ಹೇಳಿ’ ಎಂದು. ‘ನೋಡುವ’ ಎಂದರೆ ಬಹುಪಾಲು ಆಗುವುದಿಲ್ಲ ಎಂದೇ. ಸಾಲದ ಕಾಗದಕ್ಕೆ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ, ಗಣತಿಯ ನಮೂನೆಗೆ ಬರೀ ‘ಹ್ಞೂ’ ಸಾಲದು. ಓದಿ ಮುಗಿಸಿ, ಪುಸ್ತಕ ಮುಚ್ಚಿ, ‘ಈಗ ನಾನು ಏನು ಬರೆದೆ, ನೀವೇ ಒಂಚೂರು ಹೇಳಿ’ ಎಂದು ಕೇಳಿ. ತಪ್ಪಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಇತಿ,
ಕನ್ನಡ ಅಧ್ಯಾಪಕರು ಮತ್ತು ಕ್ಷೇತ್ರ ಕಾರ್ಯಕರ್ತರು
ಸಾಗರ, ಶಿವಮೊಗ್ಗ ಜಿಲ್ಲೆ